ಬಿಲ್ಲಿಗೆ ಕೂತ ಕತೆ

ಮ್ಯಾಡಿಸನ್, ವಿಸ್ಕಾನ್ಸಿನ್
ನವೆಂಬರ್ 5

ಪ್ರೀತಿಯ ಅಪ್ಪಯ್ಯನಿಗೆ,

ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅವ್ವನ ಮಂಡಿ ನೋವು ಹೇಗಿದೆ? ಈ ಸಲ ತೋಟಕ್ಕೆ ಕೊಳೆ ಔಷಧಿ ಎಷ್ಟು ಸಲ ಹೊಡೆಸಿದಿರಿ ಅಂತ ಕೇಳೋಕೆ ಮೊನ್ನೆ ಫೋನಿನಲ್ಲಿ ಮರೆತೇಬಿಟ್ಟೆ.

ಇದೇನು ಪತ್ರ ಅಂತ ಆಶ್ಚರ್ಯ ಆಗಿರಬೇಕು. ಫೋನಿನಲ್ಲಿ ಹೇಳಿದ್ದರೆ ಅವ್ವ ಅರ್ಧಕ್ಕೇ ಕಿತ್ತುಕೊಂಡು ಬಯ್ಯೋಕೆ ಶುರು ಮಾಡುತ್ತಿದ್ದಳು. ಪತ್ರವಾದರೆ ಪೂರ್ತಿ ಓದಲೇಬೇಕು, ಅಲ್ವಾ? ವಿಷಯ ಇಷ್ಟೆ. ನಾನು ಬಿಲ್ಲು ಹಿಡಿದು ಶಿಕಾರಿ ಕಲಿಯುತ್ತಿದ್ದೇನೆ. ಇನ್ನೂ ಒಂದು ಕೂದಲೂ ಉದುರಿಸಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅಜ್ಜಯ್ಯ ಕತೆ ಹೇಳುವಾಗ "ಕೆರೆ ಕೋಡಿ ಹತ್ತಿರ ಬಿಲ್ಲಿಗೆ ಕೂತಿದ್ದೆ" ಅನ್ನುತ್ತಿದ್ದದ್ದು ನೆನಪಿದೆಯಾ? ಕೈಯಲ್ಲಿ ಇರುತ್ತಿದ್ದದ್ದು ಕೇಪಿನ ಕೋವಿ. ನಿಜವಾದ ಬಿಲ್ಲನ್ನು ಅವರು ಮುಟ್ಟಿದ್ದು ನಾನಂತೂ ಕೇಳಿಲ್ಲ. ಹಳು ನುಗ್ಗುವವರು ಆ ಕಡೆಯಿಂದ ನಾಯಿ ಬಿಟ್ಟು ಕೂಗುತ್ತ ಬರಬೇಕು, ಈ ಕಡೆ ಪ್ರಾಣಿ ಹಾಯುವ ಕಂಡಿಯಲ್ಲಿ ಕೋವಿಯವರು ಕಾಯಬೇಕು. ಆ ಕಾಯುವ ಜಾಗವೇ ಬಿಲ್ಲು. ಚಿಕ್ಕವಳಿದ್ದಾಗ ನಾನು "ಬಿಲ್ಲೆಲ್ಲಿ ಅಜ್ಜಯ್ಯ?" ಅಂತ ಕೇಳಿ ಜಗಲಿಯಲ್ಲಿದ್ದವರನ್ನೆಲ್ಲ ನಗಿಸಿದ್ದೆ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಆ ಕೋವಿ ಗೋಡೆಗೆ ನೇತುಬಿತ್ತು. ನಾನು ನೋಡಿದ ಹಾಗೆ ಅದು ಮನೆಯಿಂದ ಹೊರಗೆ ಹೋಗುತ್ತಿದ್ದದ್ದು ಎಲೆಕ್ಷನ್ ಬಂದಾಗ ಸ್ಟೇಷನ್ನಿಗೆ ಮಾತ್ರ. ಈಗ ನೋಡಿ, ನಮ್ಮ ಮನೆಯಲ್ಲಿ ಬಿಲ್ಲನ್ನೇ ಹಿಡಿದು ಬಿಲ್ಲಿಗೆ ಕೂತವಳು ನಾನೇ ಮೊದಲು.

ಇಲ್ಲಿ ಕದ್ದು ಮುಚ್ಚಿ ಏನೂ ಇಲ್ಲ. 1973ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಶಿಕಾರಿಯ ಪಾಠ ಕಲಿತು ಪಾಸಾಗಬೇಕು, ಆಮೇಲೆ ಲೈಸೆನ್ಸ್. ಹನ್ನೆರಡು ಹದಿಮೂರು ವರ್ಷದ ಹುಡುಗರ ಮಧ್ಯೆ ಕೂತು ಪರೀಕ್ಷೆ ಬರೆದೆ. ನನ್ನ ಪಕ್ಕದ ಹುಡುಗಿ ನನಗಿಂತ ಬೇಗ ಬರೆದು ಎದ್ದುಹೋದಳು. ಕೋವಿ ಯಾಕಲ್ಲ ಅಂದರೆ, ನನ್ನಂಥ ವೀಸಾದವರಿಗೆ ಬಂದೂಕಿನ ಕಾನೂನು ಸ್ವಲ್ಪ ತೊಡಕು. ಬಿಲ್ಲಿಗೆ ಆ ರಗಳೆ ಇಲ್ಲ. ಅಂಗಡಿಗೆ ಹೋಗಿ ಕೊಂಡು ಬಂದರಾಯಿತು.

ಕಲಿಸುತ್ತಿರುವವರು ಪಕ್ಕದ ಮನೆಯ ಅಜ್ಜ. ಜೀವಮಾನವೆಲ್ಲ ಹಾಲಿನ ದನ ಸಾಕಿದವರು. ಅವರ ಜಮೀನು ಇಲ್ಲಿಂದ ಒಂದು ಗಂಟೆ ದಾರಿ, ಸಾಕ್ ಕೌಂಟಿಯಲ್ಲಿ. 1934ರಲ್ಲಿ ಈ ರಾಜ್ಯ ಬಿಲ್ಲಿನವರಿಗೆ ಅಂತಲೇ ಜಿಂಕೆ ಸೀಸನ್ ಶುರು ಮಾಡಿದ್ದು ಆ ಕೌಂಟಿಯಲ್ಲಿ ಮತ್ತು ಪಕ್ಕದ ಕೊಲಂಬಿಯಾ ಕೌಂಟಿಯಲ್ಲಿ. ಇಲ್ಲಿನ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಆಗಿದ್ದ ಆಲ್ಡೊ ಲಿಯೊಪೋಲ್ಡ್ ಬಿಲ್ಲನ್ನು ತಾವೇ ಮಾಡಿಕೊಂಡು ಶಿಕಾರಿಗೆ ಹೋಗುತ್ತಿದ್ದವರು. ಕಾಡುಪ್ರಾಣಿ ಉಳಿಸೋ ಪಾಠವನ್ನು ಈ ದೇಶಕ್ಕೆ ಹೇಳಿದವರೂ ಅವರೇ. ಅವ್ವನಿಗೆ ಇದನ್ನು ಹೇಗೆ ಹೇಳುತ್ತೀರೋ ಗೊತ್ತಿಲ್ಲ. ನನಗೇ ಪೂರ್ತಿ ಬಗೆಹರಿದಿಲ್ಲ.

ಬಿಲ್ಲು ಕೊಳ್ಳುವ ದಿನ ಒಂದು ತಮಾಷೆ ಆಯಿತು. ಅಂಗಡಿಯವನು ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ, ಅದರಲ್ಲಿ ಗೋಡೆಯ ಗಡಿಯಾರ ನೋಡು ಅಂದ. ಆಮೇಲೆ ಒಂದೊಂದೇ ಕಣ್ಣು ಮುಚ್ಚು ಅಂದ. ಎಡಗಣ್ಣು ಮುಚ್ಚಿದರೆ ಗಡಿಯಾರವೇ ಮಾಯ! ನಾನು ಬಲಗೈಯವಳು, ಆದರೆ ಗುರಿ ಹಿಡಿಯುವ ಕಣ್ಣು ಎಡಗಡೆಯದು. ಹಾಗಾಗಿ ಎಡಚರ ಬಿಲ್ಲು ಕೊಟ್ಟ. ಬಲಗೈಯಲ್ಲಿ ಬಿಲ್ಲು, ಎಡಗೈಯಲ್ಲಿ ಹೆದೆ. ಸವ್ಯಸಾಚಿ ಆಗೋಕೆ ಹೋಗಿ ಮೊದಲ ಎರಡು ವಾರ ಎರಡೂ ಕೈ ಎತ್ತಲಾಗದೆ ಒದ್ದಾಡಿದೆ.

ಇದು ರಾಮನ ಪಟದಲ್ಲಿರುವ ಬಿಲ್ಲಿನ ಹಾಗಿಲ್ಲ. ಎರಡು ತುದಿಗೂ ಸಣ್ಣ ಗಾಲಿಗಳಿವೆ. ಶುರುವಿನಲ್ಲಿ ಎಳೆಯುವಾಗ 40 ಪೌಂಡ್, ಅಂದರೆ 18 ಕಿಲೋ ಭಾರ. ಪೂರ್ತಿ ಎಳೆದಮೇಲೆ ಗಾಲಿ ತಿರುಗಿ ಭಾರವೆಲ್ಲ ಕಳಚಿ, ಕೈಗೆ ಉಳಿಯುವುದು ಮೂರೂವರೆ ಕಿಲೋ ಅಷ್ಟೆ. ಆರಾಮಾಗಿ ಹಿಡಿದು ಗುರಿ ನೋಡಬಹುದು. ಜಿಂಕೆಗೆ 30 ಪೌಂಡಿಗಿಂತ ಕಮ್ಮಿ ಬಿಲ್ಲು ಇಲ್ಲಿನ ಕಾನೂನಿಗೆ ನಡೆಯುವುದಿಲ್ಲ. ನಾನು 30ಕ್ಕೇ ಶುರು ಮಾಡಿ ಎರಡು ತಿಂಗಳಲ್ಲಿ 40ಕ್ಕೆ ಬಂದೆ. ಬಾಣ ಹೂಡದೆ ಸುಮ್ನೆ ಹೆದೆ ಎಳೆದು ಬಿಡೋ ಹಾಗಿಲ್ಲ. ಆ ರಭಸವೆಲ್ಲ ಬಿಲ್ಲಿಗೇ ಬಡಿದು ಅದು ಸಿಡಿದು ಹೋಗಬಹುದು. ಅಜ್ಜ ನನ್ನ ಮೇಲೆ ಗದರಿದ್ದು ಆ ಒಂದು ವಿಷಯಕ್ಕೆ ಮಾತ್ರ.

ಬೇಸಿಗೆ ಪೂರ್ತಿ ಸಂಜೆ ಹೊತ್ತು ಪೇಪರ್ ತಟ್ಟೆಗೆ ಹೊಡೆದೆ. ಜಿಂಕೆಯ ಎದೆಗೂಡಿನಲ್ಲಿ ಹೃದಯ, ಪುಪ್ಪುಸ ಇರುವ ಜಾಗ ಸುಮಾರು ಅಷ್ಟೇ ಅಗಲ. 20 ಗಜದಿಂದ ಹತ್ತಕ್ಕೆ ಹತ್ತು ತಟ್ಟೆಗೆ ಬೀಳುವ ತನಕ ಕಾಡಿನ ಮಾತೆತ್ತಬೇಡ ಅಂದಿದ್ದರು. ಆಗಸ್ಟ್ ಕೊನೆಗೆ ಬಿತ್ತು.

ಕೂರುವುದು ಓಕ್ ಮರದ ಮೇಲಿನ ಅಟ್ಟಣೆಯಲ್ಲಿ, 16 ಅಡಿ ಎತ್ತರ. ಮೈಗೆ ಬೆಲ್ಟು ಬಿಗಿದು ಮರಕ್ಕೆ ಕಟ್ಟಿಕೊಂಡೇ ಹತ್ತಬೇಕು. ಬಿಲ್ಲನ್ನು ಆಮೇಲೆ ಹಗ್ಗದಲ್ಲಿ ಮೇಲೆ ಎಳೆದುಕೊಳ್ಳುವುದು. "ನಮ್ಮೂರಿನ ಕೊನೆಗಾರರು ಕಾಲಿಗೊಂದು ತಳೆ ಹಾಕಿಕೊಂಡು ಇದರ ಮೂರರಷ್ಟು ಎತ್ತರದ ಅಡಕೆ ಮರ ಹತ್ತುತ್ತಾರೆ" ಅಂತ ಜಂಬ ಕೊಚ್ಚಿದೆ. "ಅವರಲ್ಲಿ ಯಾರೂ ಬಿದ್ದಿಲ್ಲವಾ?" ಅಂತ ಅಜ್ಜ ಕೇಳಿದರು. ನಾನು ಬಾಯಿ ಮುಚ್ಚಿಕೊಂಡು ಬೆಲ್ಟು ಹಾಕಿಕೊಂಡೆ.

ಹೋದ ಶನಿವಾರದ ಕತೆಗೇ ಈ ಪತ್ರ. ಈಗ ಗಂಡುಗಳಿಗೆ ಬೆದೆ ಕಾಲ, ಹಗಲಲ್ಲೂ ಓಡಾಡುತ್ತವೆ. ಬೆಳಗಿನ ಜಾವ ಹತ್ತಿ ಕೂತೆ. ಚಳಿಗೆ ದಪ್ಪ ಜಾಕೆಟ್. ಬೆಳಕು ಹರಿದು ಸ್ವಲ್ಪ ಹೊತ್ತಿಗೆ ತರಗೆಲೆ ಸದ್ದಾಯಿತು. ಅಳಿಲು ಅಂದುಕೊಂಡೆ. ಅಪ್ಪಯ್ಯ, ಒಂದು ಹೆಣ್ಣು. ಓಕ್ ಕಾಯಿ ಜಗಿಯುವ ಸದ್ದು ಮೇಲಿನ ತನಕ ಕೇಳುತ್ತಿತ್ತು. ಮೂಗಿನಿಂದ ಹಬೆ ಬರುತ್ತಿತ್ತು. 18 ಗಜ, ಅಡ್ಡಲಾಗಿ ನಿಂತಿದೆ. ಅದು ತಲೆ ಬಗ್ಗಿಸಿದಾಗ ಎಳೆದೆ. ಎಳೆದದ್ದೂ ಗೊತ್ತಾಗಲಿಲ್ಲ, ಎದೆ ಅಷ್ಟು ಹೊಡೆದುಕೊಳ್ಳುತ್ತಿತ್ತು. ಬಿಟ್ಟೆ. ಟಪ್ ಅಂತ ಏನೋ ಕೇಳಿತು. ಜಿಂಕೆ ಬಿಳಿ ಬಾಲ ಎತ್ತಿ ಎರಡೇ ನೆಗೆತಕ್ಕೆ ಮಾಯ.

ತಾಗಿದೆಯೋ ಇಲ್ಲವೋ, ಅರ್ಧ ಗಂಟೆ ಇಳಿಯಬಾರದು. ತಕ್ಷಣ ಹಿಂದೆ ಓಡಿದರೆ ಗಾಯವಾದ ಪ್ರಾಣಿ ದೂರ ಹೋಗಿ ಎಲ್ಲೋ ನರಳಿ ಸಾಯುತ್ತದೆ. ಆಮೇಲೆ ಅಜ್ಜ ಬಂದು ಬಾಣ ಹುಡುಕಿದರು. ರಕ್ತ ನೊರೆ ನೊರೆಯಾಗಿ ಗುಲಾಬಿ ಬಣ್ಣ ಇದ್ದರೆ ಪುಪ್ಪುಸಕ್ಕೆ ಬಿದ್ದಿದೆ ಅಂತ. ಕಪ್ಪಗಿದ್ದರೆ ಈಲಿ, ಅಂದರೆ ಲಿವರ್. ಹಸಿರು ಹತ್ತಿ ನಾತ ಬಂದರೆ ಹೊಟ್ಟೆ, ಆಗ ಎಷ್ಟೋ ಗಂಟೆ ಕಾಯಬೇಕು. ನನ್ನ ಬಾಣ ತರಗೆಲೆಯೊಳಗೆ ನಾಟಿಕೊಂಡಿತ್ತು. ಎತ್ತಿ ಮೂಸಿ ನೋಡಿ ನನ್ನ ಕೈಗೆ ಕೊಟ್ಟರು. ಬರೀ ಇಬ್ಬನಿ, ಮಣ್ಣು. ಆಮೇಲೆ ನನ್ನ ಬಲತೋಳು ಹಿಡಿದು ತೋರಿಸಿದರು. ಜಾಕೆಟ್ಟಿನ ಮೇಲೆ ಹೆದೆ ಬಡಿದ ಗೆರೆ. ದಪ್ಪ ತೋಳಿಗೆ ಹೆದೆ ತಾಗಿ ಬಾಣ ದಾರಿ ತಪ್ಪಿತ್ತು. ಬೇಸಿಗೆಯೆಲ್ಲ ಟೀ ಶರ್ಟಿನಲ್ಲಿ ಅಭ್ಯಾಸ ಮಾಡಿದ್ದೆ, ಜಾಕೆಟ್ ಹಾಕಿಕೊಂಡು ಒಂದು ಬಾಣವನ್ನೂ ಬಿಟ್ಟಿರಲಿಲ್ಲ. ಈಗ ದಿನಾ ಸಂಜೆ ಹಿತ್ತಲಲ್ಲಿ ಜಾಕೆಟ್ ತೊಟ್ಟು, ತೋಳಿಗೆ ಪಟ್ಟಿ ಕಟ್ಟಿಕೊಂಡು ಹೊಡೆಯುತ್ತಿದ್ದೇನೆ.

ತಪ್ಪಿದ್ದಕ್ಕೆ ಬೇಜಾರಾಯಿತಾ ಅಂದರೆ, ಆಯಿತು. ಬಾಣ ಚೊಕ್ಕಟ ಇದ್ದದ್ದು ನೋಡಿ ಕಾಲಲ್ಲಿ ಜೀವ ಬಂದದ್ದೂ ನಿಜ. ಎರಡನ್ನೂ ಅವ್ವನಿಗೆ ಓದಿ ಹೇಳಿ.

ಮಾಂಸದ ವಿಷಯ ಅವ್ವ ಕೇಳೇ ಕೇಳುತ್ತಾಳೆ. ಅಜ್ಜ ಹೋದ ವರ್ಷದ್ದು ಒಂದು ಪೊಟ್ಟಣ ಕೊಟ್ಟಿದ್ದರು. ಕೊಬ್ಬೇ ಇಲ್ಲ, ಕುರಿಯ ಹಾಗೆ ಬೇಯಿಸೋಕೆ ಹೋದರೆ ಚಪ್ಪಲಿ ಆಗುತ್ತದೆ. ಅವ್ವ ಕಳಿಸಿದ ಮಸಾಲೆ ಹಾಕಿ ಸಣ್ಣ ಉರಿಯಲ್ಲಿ ಎರಡು ಗಂಟೆ ಬೇಯಿಸಿದೆ, ಅಕ್ಕಿ ಕಡುಬಿನ ಜೊತೆ ಚೆನ್ನಾಗಿತ್ತು. ಇಲ್ಲಿನ ಜಿಂಕೆಗಳಿಗೆ ಸೊರಗಿ ಸಾಯುವ ಒಂದು ಕಾಯಿಲೆ ಇದೆ, 2002ರಲ್ಲಿ ಈ ರಾಜ್ಯದಲ್ಲಿ ಮೊದಲು ಗೊತ್ತಾಯಿತು. ಅದಕ್ಕೆ ಅಜ್ಜ ಹೊಡೆದ ಜಿಂಕೆಯ ತಲೆಯನ್ನು ಪರೀಕ್ಷೆಗೆ ಕೊಟ್ಟು, ರಿಸಲ್ಟ್ ಬಂದಮೇಲೇ ಒಲೆ ಹಚ್ಚುವುದು. ಅವ್ವ ಹೆದರಬೇಕಾಗಿಲ್ಲ.

ನಿಮ್ಮಿಂದ ಒಂದು ಆಗಬೇಕು. ಇಲ್ಲಿ ಗಾಳಿ ನೋಡೋಕೆ ಸಣ್ಣ ಬಾಟಲಿಯಲ್ಲಿ ಬಿಳಿ ಪುಡಿ ಬರುತ್ತದೆ. ಹಿಚುಕಿದರೆ ಹೊಗೆಯ ಹಾಗೆ ಹಾರಿ, ನಮ್ಮ ವಾಸನೆ ಯಾವ ಕಡೆ ಹೋಗುತ್ತಿದೆ ಅಂತ ತೋರಿಸುತ್ತದೆ. ಅಜ್ಜಯ್ಯ ಏನು ಮಾಡುತ್ತಿದ್ದರು? ಒಲೆ ಬೂದಿ ಗಂಟು ಕಟ್ಟಿ ಒಯ್ಯುತ್ತಿದ್ದರು ಅಂತ ನನಗೆ ಮಸುಕು ನೆನಪು. ನೀವು ಬೀಡಿ ಹೊಗೆ ಅಂದ ಹಾಗೂ ನೆನಪು. ಯಾವುದು ನಿಜ? ಪಕ್ಕದ ಮನೆ ಅಜ್ಜ ಕೇಳುತ್ತಲೇ ಇದ್ದಾರೆ.

ಇಂತಿ ನಿಮ್ಮ ಮಗಳು