ಕೆಂಪು ಹೆಣ್ಣು ಕುದುರೆಯ ಪರವಾಗಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಕುದುರೆಗಳ ಬಣ್ಣ ಮತ್ತು ಸ್ವಭಾವದ ಬಗ್ಗೆ ಬಂದ ಲೇಖನ ಓದಿದೆ. ಅದರ ಪ್ರಕಾರ ಕೆಂಪು ಕುದುರೆಗೆ ಸಿಟ್ಟು ಜಾಸ್ತಿ, ಕಪ್ಪಿಗೆ ಹಟ, ಕಂದು ಬಣ್ಣದ್ದಕ್ಕೆ ತಾಳ್ಮೆ, ಬಿಳಿಯದು ಸಾಧು. ಹೆಣ್ಣಾಗಿದ್ದರೆ ಮಾತ್ರ ಬಣ್ಣ ಯಾವುದಿದ್ದರೂ ನಂಬಬೇಡಿ! ನಾನು ಸವಾರಿ ಕಲಿಸುವವಳು. ಮೊದಲ ಸಲ ಜೀನಿನ ಮೇಲೆ ಹತ್ತುವ ಮಗುವಿಗೆ ಯಾವ ಕುದುರೆ ಕೊಡಬೇಕು ಅಂತ ತೀರ್ಮಾನಿಸುವುದು ನನ್ನ ದಿನನಿತ್ಯದ ಕೆಲಸ. ಲಾಯದ ಬಾಗಿಲಲ್ಲಿ ನಿಂತು ಬಣ್ಣ ನೋಡಿದರೆ ಸಾಕು ಅನ್ನುವ ಹಾಗಿದ್ದರೆ ನನಗಿಂತ ಖುಷಿಪಡುವವರು ಯಾರೂ ಇರುತ್ತಿರಲಿಲ್ಲ.

ಬಿಳಿ ಕುದುರೆಯನ್ನೇ ತೆಗೆದುಕೊಳ್ಳಿ. ನಾವು ಬಿಳಿ ಅನ್ನುವ ಬಹುಪಾಲು ಕುದುರೆಗಳು ಹುಟ್ಟುವಾಗ ಬಿಳಿ ಇರುವುದಿಲ್ಲ. ಈ ಕಸುಬಿನವರು ಅವನ್ನು ಗ್ರೇ ಅನ್ನುತ್ತಾರೆ. ಮರಿ ಹುಟ್ಟುವುದು ಕಪ್ಪಾಗಿ, ಕಂದಾಗಿ ಇಲ್ಲವೇ ಕೆಂಪಾಗಿ. ವರ್ಷದಿಂದ ವರ್ಷಕ್ಕೆ ಕೂದಲು ನರೆಯುತ್ತಾ ಬಂದು ಕೊನೆಗೆ ಬೆಳ್ಳಗಾಗುತ್ತದೆ. ಹಾಗಾದರೆ ಕೆಂಪಾಗಿ ಹುಟ್ಟಿ ಬೆಳ್ಳಗಾದ ಕುದುರೆಯ ಸಿಟ್ಟು ಯಾವ ವರ್ಷ ಇಳಿಯಿತು? ಲೇಖಕರು ಇದಕ್ಕೆ ಉತ್ತರ ಕೊಟ್ಟರೆ ನಾನು ಮುಂದೆ ಮಾತಾಡುವುದಿಲ್ಲ.

ಇನ್ನು ಕೆಂಪು, ಅಂದರೆ ಚೆಸ್ಟ್‌ನಟ್. ಇದಕ್ಕೆ ಕಾರಣ ಎಂಸಿ1ಆರ್ ಎಂಬ ಒಂದು ವಂಶವಾಹಿ. ಮನುಷ್ಯರಲ್ಲಿ ಕೆಂಗೂದಲು ಬರುವುದಕ್ಕೂ ಇದೇ ವಂಶವಾಹಿ ಕಾರಣ. ಕೆಂಗೂದಲಿನವರಿಗೆ ಮೂಗಿನ ತುದಿಯಲ್ಲಿ ಕೋಪ ಅನ್ನುವ ಮಾತೂ ಇದೆ ಅಲ್ವಾ? ಅದೇ ಅಪವಾದ ಕುದುರೆಗೂ ಅಂಟಿಕೊಂಡಿದೆ ಅಂತ ನನಗೆ ಅನುಮಾನ. ಕೆಂಪು ಬರಬೇಕಾದರೆ ತಾಯಿ ತಂದೆ ಇಬ್ಬರಿಂದಲೂ ಆ ವಂಶವಾಹಿಯ ಬದಲಾದ ಪ್ರತಿ ಸಿಗಬೇಕು. ಹಾಗಾಗಿ ಎರಡು ಕಂದು ಕುದುರೆಗಳಿಗೆ ಕೆಂಪು ಮರಿ ಹುಟ್ಟಬಹುದು. ಸಫೋಕ್ ಪಂಚ್ ಅನ್ನುವ ಭಾರಿ ಗಾತ್ರದ ಉಳುಮೆ ಕುದುರೆಗಳಿವೆ. ಆ ತಳಿಯಲ್ಲಿ ಕೆಂಪು ಬಿಟ್ಟು ಬೇರೆ ಬಣ್ಣವೇ ಇಲ್ಲ. ಹಾಫ್ಲಿಂಗರ್ ತಳಿಯೂ ಹಾಗೆಯೇ. ಎರಡೂ ಸಾಧು ಸ್ವಭಾವಕ್ಕೆ ಹೆಸರಾದವು. ಓಟದ ಕುದುರೆಗಳಲ್ಲೂ ಕೆಂಪು ಬೇಕಾದಷ್ಟಿವೆ, ಅವು ಚುರುಕು. ವ್ಯತ್ಯಾಸ ತಳಿಯದ್ದು, ಬೈಗುಳ ಮಾತ್ರ ಬಣ್ಣಕ್ಕೆ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಕುದುರೆ ಸಾಕಿದವರಿಂದ ಮಾಹಿತಿ ತರಿಸಿ ಕೆಂಪು ಮತ್ತು ಕಂದು ಕುದುರೆಗಳನ್ನು ಹೋಲಿಸಿದರು. 2016ರಲ್ಲಿ ಫಲಿತಾಂಶ ಬಂತು. ಕೆಂಪು ಕುದುರೆಗಳು ಹೆಚ್ಚು ತಂಟೆ ಮಾಡುತ್ತವೆ ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಆದರೆ ಹೊಸದೇ ಇರಲಿ, ಹಳೆಯದೇ ಇರಲಿ, ಯಾವುದಾದರೂ ವಸ್ತುವಿನ ಹತ್ತಿರ ಹೋಗಿ ನೋಡುವುದು ಅವಕ್ಕೆ ಸ್ವಲ್ಪ ಜಾಸ್ತಿ ಅಂತ ಕಂಡಿತು. ಇದೂ ಮಾಲೀಕರ ಮಾತಿನ ಮೇಲೆ ನಿಂತ ಸಣ್ಣ ಸುಳಿವು ಅಷ್ಟೇ. ಕುತೂಹಲ ಇರುವ ಕುದುರೆಗೆ ಸಿಟ್ಟಿನ ಪಟ್ಟ ಕಟ್ಟಲಾಗದು.

ಹಾಗಂತ ಬಣ್ಣದಿಂದ ಏನೂ ತಿಳಿಯುವುದಿಲ್ಲ ಅಂತಲ್ಲ. ವಯಸ್ಸಾದ ಗ್ರೇ ಕುದುರೆಗೆ ಬಾಲದ ಬುಡದಲ್ಲಿ ಮೆಲನೋಮಾ, ಅಂದರೆ ಚರ್ಮದ ಬಣ್ಣದ ಕೋಶಗಳ ಗಂಟು, ಬರುವುದು ಸಾಮಾನ್ಯ. ಆಪಲೂಸಾ ತಳಿಯಂಥ ಚುಕ್ಕೆ ಕುದುರೆಗಳಲ್ಲಿ ಆ ಚುಕ್ಕೆಯ ವಂಶವಾಹಿ ತಾಯಿ ತಂದೆ ಇಬ್ಬರಿಂದಲೂ ಬಂದಿದ್ದರೆ ಹುಟ್ಟಿನಿಂದಲೇ ಇರುಳುಗುರುಡು. ಮುಖದ ತುಂಬ ಬಿಳಿ ಚೆಲ್ಲಿದ, ಸ್ಪ್ಲಾಶ್ಡ್ ವೈಟ್ ಅನ್ನುವ ಮಾದರಿಯ ಕುದುರೆಗಳಲ್ಲಿ ಕೆಲವಕ್ಕೆ ಕಿವಿ ಕೇಳಿಸುವುದಿಲ್ಲ. ಈಗ ಯೋಚಿಸಿ. ಮುಸ್ಸಂಜೆಯಲ್ಲಿ ಕಣ್ಣು ಕಾಣದ ಕುದುರೆ ಬೆಚ್ಚುತ್ತದೆ. ಹಿಂದಿನಿಂದ ಬಂದವರ ಸದ್ದು ಕೇಳದ ಕುದುರೆ ಮುಟ್ಟಿದ ಕೂಡಲೇ ಒದೆಯಬಹುದು. ನೋಡಿದವರು ‘ಚುಕ್ಕೆ ಕುದುರೆಗೆ ಹುಚ್ಚು’ ಅಂದುಬಿಡುತ್ತಾರೆ. ಬೇಕಾಗಿದ್ದದ್ದು ಕಣ್ಣು ಕಿವಿಯ ಪರೀಕ್ಷೆ.

ನನ್ನ ಸಿಟ್ಟು ಇರುವುದು ಇಲ್ಲೇ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಲಾಯದಲ್ಲಿ ಒಂದು ಕೆಂಪು ಹೆಣ್ಣು ಕುದುರೆ ಇತ್ತು. ಜೀನು ಹಿಡಿದು ಹತ್ತಿರ ಹೋದರೆ ಸಾಕು, ಕಿವಿ ಹಿಂದಕ್ಕೆ ಮಡಚುತ್ತಿತ್ತು. ಜೀನು ಜಾರದಂತೆ ಕಟ್ಟುವ ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ತಿರುಗುತ್ತಿತ್ತು. ‘ಕೆಂಪು, ಮೇಲಿಂದ ಹೆಣ್ಣು, ಇನ್ನೇನು ನಿರೀಕ್ಷೆ ಮಾಡ್ತೀರಿ ಮೇಡಂ?’ ಅಂತ ಅಲ್ಲಿನ ಮೇಲ್ವಿಚಾರಕರು ನಗುತ್ತಿದ್ದರು. ಪರಿಹಾರ ಅಂತ ಇನ್ನೂ ಗಟ್ಟಿ ಕಡಿವಾಣ ತರಿಸಿದರು. ನಾನು ಜಗಳ ಮಾಡಿ ಪಶುವೈದ್ಯರನ್ನು ಕರೆಸಿದೆ. ಎಂಡೋಸ್ಕೋಪಿ ಮಾಡಿದರು. ಜಠರದ ಮೇಲ್ಭಾಗದ ತುಂಬ ಹುಣ್ಣು. ಕುದುರೆಯ ಜಠರದಲ್ಲಿ ಆಮ್ಲ ಹಗಲೂ ರಾತ್ರಿ ಉತ್ಪತ್ತಿಯಾಗುತ್ತಲೇ ಇರುತ್ತದೆ. ಅದಕ್ಕೆ ತಕ್ಕಂತೆ ಅದು ದಿನವಿಡೀ ಮೇಯುವ ಪ್ರಾಣಿ. ನಾವು ಎರಡು ಹೊತ್ತು ಕಾಳು ಸುರಿದು, ಉಳಿದ ಹೊತ್ತು ಖಾಲಿ ಹೊಟ್ಟೆಯಲ್ಲಿ ಕಟ್ಟಿದರೆ ಆ ಆಮ್ಲ ಹೋಗುವುದೆಲ್ಲಿಗೆ? ಆಮ್ಲ ತಗ್ಗಿಸುವ ಒಮೆಪ್ರಜೋಲ್ ಔಷಧ ಕೊಟ್ಟು, ಕಾಳು ಕಡಿಮೆ ಮಾಡಿ, ಸದಾ ಹುಲ್ಲು ಸಿಗುವಂತೆ ಮಾಡಿದ ಮೇಲೆ ಅದು ಹೊಟ್ಟೆಪಟ್ಟಿಗೆ ಸುಮ್ನೆ ನಿಲ್ಲತೊಡಗಿತು. ಬಣ್ಣ ಮೊದಲಿನದೇ, ಹೆಣ್ಣುತನವೂ ಮೊದಲಿನದೇ.

ಹೆಣ್ಣು ಕುದುರೆಗೆ ಋತುಚಕ್ರ ಇರುವುದು ನಿಜ. ಹಗಲು ದೀರ್ಘವಾಗಿರುವ ಕಾಲದಲ್ಲಿ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಆ ಐದಾರು ದಿನ ಕೆಲವು ಕುದುರೆಗಳ ಗಮನ ಬೇರೆ ಕಡೆ ಇರುತ್ತದೆ. ಅಂಡಾಶಯದಲ್ಲಿ ಗಡ್ಡೆಯಾದರೆ ಗಂಡಿನಂತೆ ಮೇಲೆ ಬೀಳುವುದೂ ಉಂಟು. ಅದಕ್ಕೆ ಕ್ಯಾಲೆಂಡರ್ ಇದೆ, ವೈದ್ಯರಿದ್ದಾರೆ. ವರ್ಷವಿಡೀ ‘ಹೆಣ್ಣು, ಹಾಗೇ’ ಅನ್ನುವುದು ಸೋಮಾರಿತನ. 2020ರಲ್ಲಿ ಹೆಣ್ಣು ಕುದುರೆಗಳನ್ನೂ ಬೀಜ ತೆಗೆದ ಗಂಡುಗಳನ್ನೂ ಹೋಲಿಸಿದ ಅಧ್ಯಯನದಲ್ಲಿ, ಸವಾರಿಯ ಹೊತ್ತಿನ ನಡತೆಯಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಹಿಡಿಯಲು ಹೋದಾಗ ದೂರ ಸರಿಯುವುದು ಹೆಣ್ಣುಗಳಲ್ಲಿ ತುಸು ಜಾಸ್ತಿ, ಕಟ್ಟಿದ ಹಗ್ಗ ಜಗಿಯುವುದು ಗಂಡುಗಳಲ್ಲಿ. ಹಗ್ಗ ಜಗಿಯುವ ಗಂಡಿಗೆ ನಾವು ‘ತುಂಟ’ ಅಂತ ಮುದ್ದು ಮಾಡುತ್ತೇವೆ!

ಬೀಜ ಇರುವ ಗಂಡಿನ ಮಾತು ಬೇರೆ. ಹಾರ್ಮೋನಿನ ಪ್ರಭಾವವನ್ನು ಅಲ್ಲಗಳೆಯುವುದಿಲ್ಲ, ಹೊಸಬರನ್ನು ಅದರ ಮೇಲೆ ನಾನೂ ಕೂರಿಸುವುದಿಲ್ಲ. ಆದರೆ ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲಿನಲ್ಲಿ ಪ್ರದರ್ಶನ ಕೊಡುವುದೆಲ್ಲ ಅಂಥ ಗಂಡುಗಳೇ.

ಲೇಖಕರಿಗೆ ಇನ್ನೂ ಸಂಶಯವಿದ್ದರೆ ಸಾರ್ಜೆಂಟ್ ರೆಕ್ಲೆಸ್ ಬಗ್ಗೆ ಓದಲಿ. ಕೊರಿಯಾ ಯುದ್ಧದಲ್ಲಿ ಅಮೆರಿಕದ ಮರೀನ್ ಸೈನಿಕರ ಜೊತೆ ಇದ್ದ ಕುದುರೆ ಅದು. 1953ರ ಮಾರ್ಚ್‌ನಲ್ಲಿ ಒಂದೇ ದಿನ 51 ಸಲ ಮದ್ದುಗುಂಡು ಹೊತ್ತು ಬೆಟ್ಟ ಹತ್ತಿತು. ಹೆಚ್ಚಿನ ಸಲ ಜೊತೆಗೆ ಮನುಷ್ಯರೇ ಇರಲಿಲ್ಲ. ಎರಡು ಸಲ ಗಾಯವಾದರೂ ನಿಲ್ಲಿಸಲಿಲ್ಲ. ಅದು ಕೆಂಪು, ಮತ್ತು ಹೆಣ್ಣು.

ಕುದುರೆ ಕೊಳ್ಳಲು ಹೊರಟ ಓದುಗರಿಗೆ ನಾನು ಹೇಳುವುದಿಷ್ಟು. ಮಾಲೀಕರು ಜೀನು ಹಾಕಿ ಸಿದ್ಧವಾಗಿ ನಿಲ್ಲಿಸಿದ ಕುದುರೆಯನ್ನು ನೋಡಿ ಬರಬೇಡಿ. ಬಯಲಿನಿಂದ ಹಿಡಿದು ತರುವುದನ್ನು, ಹೊಟ್ಟೆಪಟ್ಟಿ ಬಿಗಿಯುವುದನ್ನು ನಿಮ್ಮೆದುರೇ ಮಾಡಲು ಹೇಳಿ. ಜೊತೆಯ ಕುದುರೆಗಳನ್ನು ಬಿಟ್ಟು ಒಂಟಿಯಾಗಿ ಹೊರಗೆ ಕರೆದೊಯ್ದು ನೋಡಿ. ದಿನಕ್ಕೆ ಎಷ್ಟು ಹೊತ್ತು ಹುಲ್ಲು ಸಿಗುತ್ತದೆ, ಎಷ್ಟು ಹೊತ್ತು ಕಟ್ಟಿರುತ್ತಾರೆ ಅಂತ ಕೇಳಿ. ಚುಕ್ಕೆ ಕುದುರೆಯಾದರೆ ಕತ್ತಲಾದ ಮೇಲೆ ಇನ್ನೊಂದು ಸಲ ಹೋಗಿ.

ಇತಿ,
ಒಬ್ಬ ಸವಾರಿ ಶಿಕ್ಷಕಿ