ಉಕ್ಕಿನ ಡೈ ಕುರಿತು ಮೊಮ್ಮಗಳಿಗೆ ಬರೆದ ಪತ್ರ

ಬೆಂಗಳೂರು

ಚಿ॥ ಮೇದಿನಿಗೆ ತಾತನ ಅನೇಕ ಆಶೀರ್ವಾದಗಳು. ಇತ್ತ ನಾನೂ ನಿನ್ನ ಅಜ್ಜಿಯೂ ಕ್ಷೇಮವಾಗಿದ್ದೇವೆ. ನಿನ್ನ ಕಾಗದ ಸೋಮವಾರ ಕೈಸೇರಿತು. ಉತ್ತರ ತಡವಾದದ್ದಕ್ಕೆ ಬೇಸರಿಸಬೇಡ. ನೀನು ಕೇಳಿದ ಪ್ರಶ್ನೆ ಒಂದೇ ಕೂತಿನಲ್ಲಿ ಉತ್ತರಿಸುವಂಥದ್ದಾಗಿರಲಿಲ್ಲ.

ರೆಕ್ಕೆಯ ಪ್ಯಾನೆಲ್ಲಿಗೆ ಈಗಲೇ ಉಕ್ಕಿನ ಡೈ, ಅಂದರೆ ತಗಡನ್ನು ಒತ್ತಿ ಆಕಾರ ಕೊಡುವ ಅಚ್ಚು, ಮಾಡಿಸಿಬಿಡಬೇಕೆಂಬುದು ನಿನ್ನ ಅಭಿಪ್ರಾಯ. ಡ್ರಾಯಿಂಗ್ ಇನ್ನೂ ಒಂದೆರಡು ಸಲ ತಿದ್ದುಪಡಿಯಾಗುವ ಹಾಗಿದೆ, ಸ್ವಲ್ಪ ತಾಳಿ ಎಂಬುದು ನಿಮ್ಮ ಶಾಪಿನ ಹಿರಿಯ ಫಿಟ್ಟರ್ ಅವರ ಮಾತು. ಅವರು ಹಳೆಯ ಕಾಲದವರು, ಕೈಕೆಲಸದ ಮೇಲಿನ ಮೋಹದಿಂದ ಹಾಗೆನ್ನುತ್ತಾರೆ ಎಂದು ನೀನು ಬರೆದ ಸಾಲನ್ನು ನಾನು ಎರಡು ಸಲ ಓದಿದೆ, ಎರಡು ಸಲವೂ ಮನಸ್ಸಿಗೆ ನೋವಾಯಿತು. ಹಾಗೆಂದು ನಿನ್ನ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಇದೇ ಜಗಳ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಬಹಳ ದೊಡ್ಡ ಪ್ರಮಾಣದಲ್ಲಿ ನಡೆದಿತ್ತು. ಅದು ನಡೆದದ್ದು ಬಿ-24 ಲಿಬರೇಟರ್ ಎಂಬ ಭಾರಿ ಬಾಂಬರ್ ವಿಮಾನದ ವಿಚಾರದಲ್ಲಿ. ಆ ವಿಮಾನದ ಜೆ ಮಾದರಿಯ ಹೆಸರನ್ನು ನಾನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಇಲ್ಲಿಯ ವಿಮಾನ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿದಾಗಿನಿಂದ ಕೇಳುತ್ತ ಬಂದವನು. ಆದ್ದರಿಂದ ಆ ಕಥೆಯನ್ನೇ ನಿನಗೆ ಬರೆಯುತ್ತೇನೆ.

ಲಿಬರೇಟರ್ ಮೊದಲು ಹಾರಿದ್ದು 1939 ರ ಡಿಸೆಂಬರ್ 29 ರಂದು, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ. ಕನ್ಸಾಲಿಡೇಟೆಡ್ ಕಂಪನಿ ಕಟ್ಟಿದ ಈ ವಿಮಾನಕ್ಕೆ ತಲಾ 1,200 ಅಶ್ವಶಕ್ತಿಯ ನಾಲ್ಕು ಎಂಜಿನ್‌ಗಳಿದ್ದವು, ತುದಿಯಿಂದ ತುದಿಗೆ 110 ಅಡಿಯ ಕಿರಿದಾದ ಉದ್ದನೆಯ ರೆಕ್ಕೆಯಿತ್ತು. 1941 ರ ಜನವರಿಯಲ್ಲಿ ಫೋರ್ಡ್ ಕಾರ್ಖಾನೆಯ ಉತ್ಪಾದನೆಯ ಮುಖ್ಯಸ್ಥ ಚಾರ್ಲ್ಸ್ ಸೊರೆನ್ಸನ್ ಅದನ್ನು ಕಟ್ಟುವ ರೀತಿಯನ್ನು ನೋಡಲು ಅಲ್ಲಿಗೆ ಹೋದರು. ದಿನಕ್ಕೊಂದು ವಿಮಾನ ಎಂಬುದೇ ಅಲ್ಲಿಯವರ ಗುರಿಯಾಗಿತ್ತು. ಕೊನೆಯ ಜೋಡಣೆ ಬಯಲಿನಲ್ಲಿ ನಡೆಯುತ್ತಿತ್ತು. ಬಿಸಿಲೇರಿದಂತೆ, ಭಾಗಗಳನ್ನು ಹಿಡಿದಿಡುವ ಉಕ್ಕಿನ ಚೌಕಟ್ಟಾದ ಫಿಕ್ಸ್ಚರ್ ಹಿಗ್ಗುತ್ತಿತ್ತು, ಸಂಜೆಗೆ ಕುಗ್ಗುತ್ತಿತ್ತು, ಹೀಗಾಗಿ ಒಂದು ವಿಮಾನದಂತೆ ಇನ್ನೊಂದು ಇರುತ್ತಿರಲಿಲ್ಲ, ಪ್ರತಿಯೊಂದನ್ನೂ ಕೈಯಿಂದ ಹೊಂದಿಸಬೇಕಾಗುತ್ತಿತ್ತು. ಸೊರೆನ್ಸನ್ ಆ ರಾತ್ರಿ ಹೋಟೆಲಿನ ಕೋಣೆಯಲ್ಲಿ ಕುಳಿತು ಪೆನ್ಸಿಲಿನಿಂದ ಹೊಸ ಕಾರ್ಖಾನೆಯ ನಕ್ಷೆಯನ್ನು ಗೀಚಿದರು. ವಿಮಾನವನ್ನು ದೊಡ್ಡ ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗವನ್ನೂ ಅದರದೇ ಸಾಲಿನಲ್ಲಿ ಮುಗಿಸಿ, ಕೊನೆಗೆ ಕೂಡಿಸಿ, ಗಂಟೆಗೊಂದು ಬಾಂಬರ್ ಹೊರತರುವುದು ಅವರ ಲೆಕ್ಕ. ರೆಕ್ಕೆಯ ಭಾಗಗಳನ್ನಷ್ಟೇ ಮಾಡಿಕೊಡಿ ಎಂದು ಕೇಳಿದವರಿಗೆ, ಮಾಡಿದರೆ ಇಡೀ ವಿಮಾನವನ್ನೇ ಮಾಡುತ್ತೇವೆ ಎಂದು ಅವರು ಪಟ್ಟು ಹಿಡಿದರು.

ಡೆಟ್ರಾಯಿಟ್ ನಗರದ ಪಶ್ಚಿಮಕ್ಕೆ, ವಿಲೋ ರನ್ ಎಂಬ ಹೊಳೆಯ ಪಕ್ಕದ ಹೊಲಗಳಲ್ಲಿ, ಆಲ್ಬರ್ಟ್ ಕಾನ್ ಅವರ ವಿನ್ಯಾಸದಂತೆ ಆ ಕಾರ್ಖಾನೆ ಎದ್ದಿತು. ಜೋಡಣೆಯ ಸಾಲೇ ಸುಮಾರು ಒಂದು ಮೈಲಿ ಉದ್ದ. ನಿನ್ನ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ವಿಮಾನ ಕಟ್ಟುವವರು ಅಲ್ಲಿಯವರೆಗೆ ಸತು, ಸೀಸಗಳಂಥ ಮೆತು ಲೋಹದ ಡೈಗಳನ್ನು ಬಳಸುತ್ತಿದ್ದರು; ಡ್ರಾಯಿಂಗ್ ಬದಲಾದರೆ ಡೈಯನ್ನು ಕರಗಿಸಿ ಮತ್ತೆ ಎರಕ ಹೊಯ್ಯಬಹುದಿತ್ತು. ಕಾರು ಮಾಡಿ ರೂಢಿಯಿದ್ದ ಫೋರ್ಡ್‌ನವರು ಗಟ್ಟಿ ಉಕ್ಕಿನ ಡೈಗಳನ್ನೇ ಮಾಡಿಸಿದರು. ಕಾರಿನ ಮಾದರಿ ವರ್ಷಕ್ಕೊಮ್ಮೆ ಬದಲಾದರೆ ಹೆಚ್ಚು, ಯುದ್ಧದಲ್ಲಿರುವ ವಿಮಾನವೋ ವಾರವಾರಕ್ಕೂ ಬದಲಾಗುತ್ತದೆ. ಅದಲ್ಲದೆ ಅಲ್ಯೂಮಿನಿಯಂ ತಗಡು ಕಾರಿನ ಉಕ್ಕಿನ ತಗಡಿನಂತೆ ವಿಧೇಯವಲ್ಲ. ಡೈ ಮೇಲೆದ್ದ ಕೂಡಲೇ ತಗಡು ಒಂದು ಕೂದಲೆಳೆಯಷ್ಟು ಹಿಂದಕ್ಕೆ ಚಿಮ್ಮುತ್ತದೆ, ಬಾಗು ತೀಕ್ಷ್ಣವಾದ ಕಡೆ ಅಂಚಿನಲ್ಲಿ ಸಣ್ಣ ಸೀಳು ಬಿಡುತ್ತದೆ. ಆ ಸೀಳು ಕಣ್ಣಿಗೆ ಕಾಣುವ ಮೊದಲೇ ಬೆರಳ ತುದಿಗೆ ತಿಳಿಯುತ್ತದೆ. ನಿಮ್ಮ ಫಿಟ್ಟರ್ ಪ್ಯಾನೆಲ್ಲನ್ನು ಕೈಗೆತ್ತಿಕೊಂಡಾಗ ಮೊದಲು ಅದರ ಅಂಚಿನ ಉದ್ದಕ್ಕೂ ಹೆಬ್ಬೆರಳು ಆಡಿಸುತ್ತಾರಲ್ಲ, ಅದು ಏಕೆಂದು ನೀನು ಎಂದಾದರೂ ಕೇಳಿದ್ದೀಯಾ?

1942 ರ ಕೊನೆಗೆ ಆ ಬೃಹತ್ ಕಾರ್ಖಾನೆಯಿಂದ ಹೊರಬಂದ ವಿಮಾನಗಳು ಕೇವಲ 56. ವಿಲ್ ಇಟ್ ರನ್, ಅಂದರೆ ಇದು ಓಡೀತೇ ಎಂದು ಜನ ಅದರ ಹೆಸರನ್ನೇ ತಿರುಚಿ ಆಡಿಕೊಂಡರು. ಸೆನೆಟರ್ ಟ್ರೂಮನ್ ಅವರ ಸಮಿತಿ ವಿಚಾರಣೆ ನಡೆಸಿತು. ಹೊಲದ ನಡುವಿನ ಕಾರ್ಖಾನೆಗೆ ಸಾವಿರಾರು ಜನ ದೂರದ ಊರುಗಳಿಂದ ಬಂದರು, ಅವರಿಗೆ ತಂಗಲು ಮನೆಗಳಿರಲಿಲ್ಲ. ಅವರಲ್ಲಿ ಬಹಳ ಮಂದಿ ಹಿಂದೆಂದೂ ರಿವೆಟ್, ಅಂದರೆ ತಗಡುಗಳನ್ನು ಬಂಧಿಸುವ ಮೊಳೆ, ಮುಟ್ಟಿದವರಲ್ಲ. ಒಂದೊಂದು ಲಿಬರೇಟರಿಗೆ ಮೂರು ಲಕ್ಷಕ್ಕೂ ಹೆಚ್ಚು ರಿವೆಟ್‌ಗಳು ಬೇಕಾಗಿದ್ದವು ಎಂಬುದನ್ನು ಒಂದು ಕ್ಷಣ ಮನಸ್ಸಿಗೆ ತಂದುಕೊ. ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಆ ಕೆಲಸಕ್ಕೆ ನಿಂತರು. ಒಬ್ಬಳು ಹೊರಗಿನಿಂದ ರಿವೆಟ್ ಬಡಿಯುವ ಗನ್ ಹಿಡಿದರೆ ಇನ್ನೊಬ್ಬಳು ಒಳಗೆ ಅದಕ್ಕೆದುರಾಗಿ ಡಾಲಿ ಎಂಬ ಲೋಹದ ಗಟ್ಟಿಯನ್ನು ಒತ್ತಿ ಹಿಡಿಯಬೇಕು, ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ಸದ್ದಿನಿಂದಲೇ ಕೆಲಸ ಸರಿಯಾಯಿತೋ ಇಲ್ಲವೋ ತಿಳಿಯಬೇಕು.

ಆದರೂ ಸೊರೆನ್ಸನ್ ಅವರ ಲೆಕ್ಕ ಸುಳ್ಳಾಗಲಿಲ್ಲ. 1944 ರ ವಸಂತದ ವೇಳೆಗೆ ವಿಲೋ ರನ್ ತಿಂಗಳಿಗೆ 400 ಕ್ಕೂ ಹೆಚ್ಚು ವಿಮಾನಗಳನ್ನು, ಅಂದರೆ ಹೆಚ್ಚುಕಡಿಮೆ ಗಂಟೆಗೊಂದನ್ನು, ಕಳುಹಿಸುತ್ತಿತ್ತು. 1945 ರ ಜೂನ್‌ನಲ್ಲಿ ಕೊನೆಯದು ಹೊರಬೀಳುವವರೆಗೆ ಅಲ್ಲಿ 8,685 ಲಿಬರೇಟರ್‌ಗಳು ತಯಾರಾದವು. ಅವುಗಳಲ್ಲಿ 1,893 ಬಿಡಿ ಭಾಗಗಳ ಕಿಟ್‌ಗಳಾಗಿ ಲಾರಿಗಳಲ್ಲಿ ಬೇರೆ ಕಾರ್ಖಾನೆಗಳಿಗೆ ಹೋದವು. ಉಕ್ಕಿನ ಡೈಯಿಲ್ಲದೆ ಇಷ್ಟು ಸಂಖ್ಯೆ ಸಾಧ್ಯವಿರಲಿಲ್ಲ. ಈ ಮಟ್ಟಿಗೆ ನೀನು ಹೇಳುವುದು ಸರಿ.

ಇನ್ನು ಜೆ ಮಾದರಿ ಹುಟ್ಟಿದ ಬಗೆಯನ್ನು ಕೇಳು. ಮೊದಲಿನ ಲಿಬರೇಟರ್‌ಗಳ ಮೂತಿ ಗಾಜಿನದು, ಅಲ್ಲಿ ಕೈಯಲ್ಲಿ ಹಿಡಿದು ಹಾರಿಸುವ ಬಂದೂಕುಗಳಷ್ಟೇ ಇದ್ದವು. ಶತ್ರುವಿನ ಯುದ್ಧವಿಮಾನಗಳು ಇದನ್ನು ಕಂಡುಕೊಂಡು ನೇರ ಎದುರಿನಿಂದ ಎರಗತೊಡಗಿದವು. ಇದಕ್ಕೆ ಮೊದಲು ಪರಿಹಾರ ಹುಡುಕಿದವರು ಪೆಸಿಫಿಕ್ ರಣರಂಗದ ರಿಪೇರಿ ಡಿಪೋಗಳ ಕೆಲಸಗಾರರು. ಹವಾಯಿಯಲ್ಲಿ ಮತ್ತು ಆಸ್ಟ್ರೇಲಿಯಾದಲ್ಲಿ ಅವರು ಬಾಲದಲ್ಲಿರಬೇಕಾದ ಗನ್ ಟರೆಟ್ಟನ್ನು, ಅಂದರೆ ಬಂದೂಕುಗಳಿರುವ ತಿರುಗುವ ಗೂಡನ್ನು, ತಂದು, ಮೂತಿಯ ಗಾಜನ್ನು ಕತ್ತರಿಸಿ, ಅಲ್ಲಿ ಕೂರಿಸಿದರು. ಅದಕ್ಕೆ ಕಾರ್ಖಾನೆಯ ಡ್ರಾಯಿಂಗ್ ಇರಲಿಲ್ಲ. ಇದ್ದದ್ದು ಹಾನಿಗೊಂಡು ಹಿಂದಿರುಗಿದ ವಿಮಾನಗಳನ್ನು ತಮ್ಮ ಕಣ್ಣಿಂದ ಕಂಡ ಅನುಭವ. 1943 ರ ಬೇಸಿಗೆಯಲ್ಲಿ ವಿಲೋ ರನ್‌ನ ಎಚ್ ಮಾದರಿಯ ವಿಮಾನ ಕಾರ್ಖಾನೆಯಿಂದಲೇ ಮೂತಿಯ ಟರೆಟ್ ಹೊತ್ತು ಬಂದಿತು. ಅದರಲ್ಲಿ ಎಮರ್ಸನ್ ಕಂಪನಿಯ ವಿದ್ಯುತ್ ಟರೆಟ್ ಇತ್ತು. ಅವು ಎಲ್ಲರಿಗೂ ಸಾಲುವಷ್ಟು ಸಿಗದಿದ್ದಾಗ ಕನ್ಸಾಲಿಡೇಟೆಡ್ ತನ್ನದೇ ಹೈಡ್ರಾಲಿಕ್ ಟರೆಟ್ಟನ್ನು ಮೂತಿಗೆ ಹಾಕಿತು, ಹೊಸ ಸ್ವಯಂಚಾಲಿತ ಪೈಲಟ್ ಮತ್ತು ಬಾಂಬಿನ ಗುರಿ ಹಿಡಿಯುವ ಸುಧಾರಿಸಿದ ಬಾಂಬ್‌ಸೈಟ್ ಸೇರಿಸಿತು, ಅದೇ ಜೆ. ಅಂದರೆ ಜೆ ಹುಟ್ಟಿದ್ದು ಒಂದು ಕೊರತೆಯಿಂದ.

ಸ್ಯಾನ್ ಡಿಯಾಗೋ, ಫೋರ್ಟ್ ವರ್ತ್, ವಿಲೋ ರನ್, ಟಲ್ಸಾ, ಡಲ್ಲಾಸ್ ಹೀಗೆ ಐದು ಕಾರ್ಖಾನೆಗಳು ಜೆ ಮಾದರಿಯನ್ನು ಕಟ್ಟಿದವು, ಒಟ್ಟು 6,678. ಹೆಸರು ಒಂದೇ ಆದರೂ ಒಂದು ಕಾರ್ಖಾನೆಯ ಭಾಗ ಇನ್ನೊಂದರ ವಿಮಾನಕ್ಕೆ ಎಷ್ಟೋ ಸಲ ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕಾಗಿಯೇ ಹೆಸರಿನ ಕೊನೆಗೆ ಕಾರ್ಖಾನೆಯ ಅಕ್ಷರಗಳನ್ನೂ ಬ್ಲಾಕ್, ಅಂದರೆ ಒಂದೇ ರೀತಿ ಕಟ್ಟಿದ ವಿಮಾನಗಳ ತಂಡದ, ಸಂಖ್ಯೆಯನ್ನೂ ಬರೆಯುತ್ತಿದ್ದರು. ಈ ಬ್ಲಾಕ್ ಪದ್ಧತಿಯನ್ನು ನೀನು ಚೆನ್ನಾಗಿ ಗಮನಿಸಬೇಕು. ಬಂದ ಬದಲಾವಣೆಯನ್ನು ಬಂದ ದಿನವೇ ಸಾಲಿಗೆ ನುಗ್ಗಿಸದೆ, ಕೂಡಿಟ್ಟು, ಮುಂದಿನ ಬ್ಲಾಕಿನ ಮೊದಲ ವಿಮಾನದಿಂದ ಜಾರಿಗೆ ತರುತ್ತಿದ್ದರು. ಕಾಯಲಾಗದ ಬದಲಾವಣೆಗಳಿಗೆ ಪ್ರತ್ಯೇಕ ಮಾರ್ಪಾಡು ಕೇಂದ್ರಗಳಿದ್ದವು, ಮುಗಿದ ವಿಮಾನ ಅಲ್ಲಿಗೆ ಹಾರಿಹೋಗಿ ತಿದ್ದಿಸಿಕೊಂಡು ಯುದ್ಧಕ್ಕೆ ಹೊರಡುತ್ತಿತ್ತು. ಸಾಲು ನಿಲ್ಲಲಿಲ್ಲ, ಬದಲಾವಣೆಯೂ ನಿಲ್ಲಲಿಲ್ಲ.

ಇದಕ್ಕೂ ಒಂದು ಬೆಲೆಯಿತ್ತು. ಟರೆಟ್ಟಿನ ಭಾರದಿಂದ ವಿಮಾನದ ಹದ ಕೆಟ್ಟಿತು, ಪೈಲಟ್ಟಿಗೆ ಮುಂದಿನ ನೋಟ ಕಡಿಮೆಯಾಯಿತು. ಜೋಡಿ ಬಾಲದ ಬದಲು ಒಂಟಿ ಬಾಲ ಹಾಕಿದರೆ ಹಿಡಿತ ಉತ್ತಮವಾಗುತ್ತದೆಂದು 1944 ರಲ್ಲೇ ತೀರ್ಮಾನವಾಗಿತ್ತು. ಆದರೆ ಆ ಎನ್ ಮಾದರಿಯ ಎಂಟೇ ಎಂಟು ವಿಮಾನಗಳು ತಯಾರಾಗುವಷ್ಟರಲ್ಲಿ ಕೆಲಸ ನಿಂತಿತು. ಗೊತ್ತಿದ್ದ ಒಳ್ಳೆಯದನ್ನು ಸಾಲಿಗೆ ತರಲಾಗಲಿಲ್ಲ. ಒಂದೊಂದು ವಿಮಾನದಲ್ಲೂ ಹತ್ತು ಹುಡುಗರಿರುತ್ತಿದ್ದರು, ಕೆಳಗೆ ಊರುಗಳಿದ್ದವು. ಈ ಯಂತ್ರ ಎಷ್ಟು ಜನರನ್ನು ಕೊಂದಿತೆಂದು ನೆನೆದಾಗ ಅದರ ಕೌಶಲವನ್ನು ಹೊಗಳಲು ನನಗೆ ಬಾಯಿ ಬರುವುದಿಲ್ಲ. ನಿನಗೆ ಹೇಳಬೇಕೆಂದಿರುವುದು ಅದನ್ನು ಕಟ್ಟಿದ ಕೈಗಳ ವಿಚಾರ ಮಾತ್ರ.

ಆ ಕೈಗಳಲ್ಲಿ ನಮ್ಮೂರಿನವೂ ಇದ್ದವು. ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ ತನ್ನ ಲಿಬರೇಟರ್‌ಗಳನ್ನು ಮತ್ತೆ ಹಾರಬಾರದೆಂದು ಬೇಕೆಂದೇ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಗಿತ್ತು. ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರ್ ಬೇಕಾಗಿತ್ತು, ಕೊಳ್ಳಲು ಹಣವಿರಲಿಲ್ಲ. 1948 ರಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್‌ನವರು ಕಾನ್ಪುರಕ್ಕೆ ಹೋಗಿ, ಒಂದರ ಅಂಗವನ್ನು ಇನ್ನೊಂದಕ್ಕೆ ಹಾಕಿ, ಹಾರುವಷ್ಟು ಮಟ್ಟಿಗೆ ಸರಿಪಡಿಸಿದರು. ಪರೀಕ್ಷಾ ಪೈಲಟ್ ಜಮಶೆಡ್ ಮುನ್ಷಿ ಅವುಗಳನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ಣವಾಗಿ ಬಿಚ್ಚಿ ಕಟ್ಟಿದ ವಿಮಾನಗಳು ಕೊನೆಗೆ ನಲವತ್ತಕ್ಕೂ ಹೆಚ್ಚಾದವು; ಅವುಗಳಲ್ಲಿ ಮೊದಲು ಸಿದ್ಧವಾದವುಗಳಿಂದ ಅದೇ ನವೆಂಬರಿನಲ್ಲಿ ವಾಯುಪಡೆಯ 5 ನೆಯ ಸ್ಕ್ವಾಡ್ರನ್ ಹುಟ್ಟಿತು. 6 ನೆಯ ಸ್ಕ್ವಾಡ್ರನ್‌ನಲ್ಲಿ ಅವು 1968 ರವರೆಗೂ ಸಮುದ್ರದ ಕಾವಲಿಗೆ ಹಾರಿದವು. ಇಂದು ಅಮೆರಿಕದ ಮ್ಯೂಸಿಯಮ್‌ಗಳಲ್ಲಿ ನಿಂತಿರುವ ಜೆ ವಿಮಾನಗಳಲ್ಲಿ ಕೆಲವು ನಮ್ಮ ವಾಯುಪಡೆ ಬಳಸಿ ಕಾಪಾಡಿ ಕೊಟ್ಟವು. ಒಂದು ದಿಲ್ಲಿಯ ಪಾಲಂ ಮ್ಯೂಸಿಯಮ್‌ನಲ್ಲಿದೆ.

ನನಗೆ ಕೆಲಸ ಕಲಿಸಿದ ಹಿರಿಯರಲ್ಲಿ ಒಬ್ಬರು ಆ ಶಾಪಿನಲ್ಲಿ ದುಡಿದವರು. ಫೋರ್ಟ್ ವರ್ತ್‌ನಲ್ಲಿ ಮಾಡಿದ ಪ್ಯಾನೆಲ್ಲಿನ ತೂತುಗಳು ಇನ್ನೊಂದು ವಿಮಾನದ ಪಟ್ಟಿಗೆ ಹೊಂದದಿದ್ದಾಗ ಹಳೆಯ ತೂತನ್ನೇ ಮಾತಾಡಿಸಬೇಕಾಗುತ್ತಿತ್ತು ಎಂದು ಅವರು ಹೇಳುತ್ತಿದ್ದರು. ಆ ಮಾತು ನನಗೆ ಅರ್ಥವಾದದ್ದು ಒಂದು ತಪ್ಪಿನ ಮೇಲೆ. ಕಾರ್ಖಾನೆಗೆ ಸೇರುವ ಮುನ್ನ ಆರು ತಿಂಗಳು ನಾನೊಂದು ಚಿಕ್ಕ ವರ್ಕ್‌ಶಾಪಿನಲ್ಲಿದ್ದೆ. ಅಲ್ಲಿಯ ಮೇಸ್ತ್ರಿ, ಜೋಡಿಸಿ ನೋಡಿ ಆಮೇಲೆ ತೂತು ಹೊಡಿ ಎಂದಿದ್ದರು. ನನ್ನ ಬಳಿ ಡ್ರಾಯಿಂಗ್ ಇತ್ತು, ಅದರ ಅಳತೆ ನಂಬಿ ಹನ್ನೆರಡು ತಗಡುಗಳಿಗೂ ಒಟ್ಟಿಗೆ ತೂತು ಹೊಡೆದೆ. ಹನ್ನೆರಡೂ ಗುಜರಿಗೆ ಹೋದವು. ಮೇಸ್ತ್ರಿ ಬೈಯಲಿಲ್ಲ, ಮರುದಿನ ನನ್ನ ಪಕ್ಕ ನಿಂತು ಮೊದಲನೆಯ ತಗಡನ್ನು ತಾವೇ ಹಿಡಿದುಕೊಂಡರು.

ಆದ್ದರಿಂದ ನನ್ನ ಸಲಹೆ ಇದು. ಪ್ಯಾನೆಲ್ಲಿನ ಯಾವ ಭಾಗ ಇನ್ನು ಬದಲಾಗುವುದಿಲ್ಲವೋ ಅದನ್ನು ವಿನ್ಯಾಸದವರಿಂದ ಬರಹದಲ್ಲಿ ತರಿಸಿಕೊ. ಮೊದಲ ಇಪ್ಪತ್ತು ತುಂಡುಗಳನ್ನು ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳದ ಅಥವಾ ಮೆತು ಲೋಹದ ಡೈಯಲ್ಲಿ ತೆಗೆಸು, ಪ್ರತಿಯೊಂದು ಎಷ್ಟು ಹಿಂದಕ್ಕೆ ಚಿಮ್ಮುತ್ತದೆಂದು ಅಳೆದು ಬರೆದಿಡು, ಆ ಅಳತೆಯನ್ನು ತಿದ್ದಿಕೊಂಡು ಉಕ್ಕಿಗೆ ಹೋಗು. ಅಂಚಿನ ಮಡಿಕೆಗಳಿಗೆ ಡೈಯಲ್ಲಿ ಬಿಚ್ಚಿ ಬದಲಿಸುವ ತುಂಡುಗಳನ್ನಿಡಿಸು. ತಿದ್ದುಪಡಿಗಳನ್ನು ಬ್ಲಾಕ್ ಕಟ್ಟಿ ಜಾರಿಗೆ ತಾ. ಇದರಿಂದ ಒಂದು ತಿಂಗಳು ಹೋದೀತು, ಹೋಗಲಿ. ಮೇಲಿನವರು ಕೇಳಿದರೆ ವಿಲೋ ರನ್‌ನ ಆ 56 ವಿಮಾನಗಳ ಕಥೆಯನ್ನು ಅವರಿಗೆ ಹೇಳು.

ಆ ಇಪ್ಪತ್ತು ತುಂಡುಗಳಲ್ಲಿ ಮೊದಲನೆಯದನ್ನು ನಿಮ್ಮ ಫಿಟ್ಟರ್ ಅವರ ಕೈಗೇ ಕೊಡು, ಪಕ್ಕದಲ್ಲಿ ನಿಂತುಕೊ. ಅವರ ಹೆಬ್ಬೆರಳು ಎಲ್ಲಿ ನಿಂತಿತು, ಏಕೆ ನಿಂತಿತು ಎಂಬುದನ್ನು ಕೇಳಿ ನನಗೆ ಬರಿ. ಅಮ್ಮನಿಗೂ ಅಪ್ಪನಿಗೂ ನಮ್ಮ ನೆನಪು ತಿಳಿಸು. ದೀಪಾವಳಿಗೆ ರಜೆ ಸಿಕ್ಕರೆ ಮೊದಲೇ ತಿಳಿಸಿದರೆ ಅಜ್ಜಿ ಕಜ್ಜಾಯದ ಅಕ್ಕಿ ನೆನೆಹಾಕುತ್ತಾಳಂತೆ.

ಇಂತು ನಿನ್ನ ಶ್ರೇಯೋಭಿಲಾಷಿ,
ತಾತ