ಹಿತ್ತಲಿನ ರ‍್ಯಾಂಪ್ ಬಗ್ಗೆ: ಎಲ್ಲರೂ ಓದಿ

ಗೆಳೆಯರೇ,

ಹಿತ್ತಲಿನಲ್ಲಿ ನಾವು ಸ್ಕೇಟ್‌ಬೋರ್ಡ್ ಆಡುವ ಮಿನಿ ರ‍್ಯಾಂಪ್ ತೆಗೆಯಿರಿ ಅಂತ ಬಡಾವಣೆಯ ಸಂಘದಿಂದ ಪತ್ರ ಬಂದಿದೆ. ಸದ್ಯಕ್ಕೆ ತೆಗೆಯುವುದಿಲ್ಲ. ಹಾಗಂತ ಅಕ್ಕಪಕ್ಕದವರ ಜೊತೆ ಜಗಳಕ್ಕೆ ಇಳಿಯಬೇಡಿ.

ಶಬ್ದದ ವಿಷಯದಲ್ಲಿ "ನಮ್ಮ ಮನೆ, ನಮ್ಮಿಷ್ಟ" ಅನ್ನುವ ವಾದ ನಿಲ್ಲುವುದಿಲ್ಲ. 2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ನಾವು ಸಂಜೆ 7ಕ್ಕೇ ಬೋರ್ಡ್ ಕೆಳಗಿಡೋಣ. ಭಾನುವಾರ ಮಧ್ಯಾಹ್ನ ಬೇಡವೇ ಬೇಡ, ಜನ ಮಲಗಿರುತ್ತಾರೆ ಅಲ್ವಾ?

ಶಬ್ದ ಜಾಸ್ತಿ ಬರುವುದು ಚಕ್ರದಿಂದ ಮಾತ್ರ ಅಲ್ಲ. ಪ್ಲೈವುಡ್ ಕೆಳಗಿನ ಪೊಳ್ಳು ಜಾಗ ತಮಟೆ ಇದ್ದ ಹಾಗೆ. ಅದರೊಳಗೆ ರಾಕ್‌ವೂಲ್ (ಶಬ್ದ ಹೀರುವ ಕಲ್ಲಿನ ನಾರು) ತುಂಬಬೇಕು. ಹಳೇ ಹಾಸಿಗೆ ತರಬೇಡಿ, ಮಳೆಗಾಲದಲ್ಲಿ ನಾತ ಹೊಡೆಯುತ್ತದೆ. ಚೌಕಟ್ಟಿನ ಅಡಿಗೆ ದಪ್ಪ ರಬ್ಬರ್ ಶೀಟ್ ಹಾಕಬೇಕು. ಸಡಿಲವಾದ ಸ್ಕ್ರೂಗಳನ್ನು ಬಿಗಿ ಮಾಡಬೇಕು. ಮೇಲಂಚಿಗೆ ಕೂರಿಸಿದ ಕೋಪಿಂಗ್ ಪೈಪ್ ಒಳಗೆ ಮರಳು ತುಂಬಿದರೆ ಆ ಠಣ್ ಅನ್ನುವ ಸದ್ದೂ ಇಳಿಯುತ್ತದೆ.

"ಪೋಲಿ ಹುಡುಗರ ಆಟ" ಅನ್ನುವವರು ಸಿಕ್ಕರೆ, 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 13 ವರ್ಷದ ಮೊಮಿಜಿ ನಿಶಿಯಾ ಸ್ಕೇಟ್‌ಬೋರ್ಡಿಂಗ್‌ನಲ್ಲಿ ಚಿನ್ನ ಗೆದ್ದದ್ದನ್ನು ಹೇಳಿ. ಅವರ ಮಕ್ಕಳನ್ನೂ ಕರೆಯಿರಿ. ಹೆಲ್ಮೆಟ್ ಇಲ್ಲದೆ ಯಾರೂ ಹತ್ತಬಾರದು, ದೊಡ್ಡವರೂ ಅಷ್ಟೇ.

ಶನಿವಾರ ಬೆಳಗ್ಗೆ 9ಕ್ಕೆ ಕೆಲಸ ಶುರು. ಡ್ರಿಲ್ ಇರುವವರು ತನ್ನಿ. ಸಂಘಕ್ಕೆ ಉತ್ತರ ಬರೆಯಲು ಇಬ್ಬರು ಬೇಕು, ಇಲ್ಲೇ ಹೆಸರು ಹಾಕಿ.